ಹತಾರಗಳ ಅಡ್ಡಹೆಸರು, ಹತಾರಗಳ ಅಡ್ಡಬಳಕೆ

ಆಯುಧಪೂಜೆಯ ದಿನ ಹುಳಿಯಾರಿನ ಯಾವುದಾದರೊಂದು ರಿಪೇರಿ ಅಂಗಡಿಯನ್ನು ಹೊಕ್ಕರೆ ವಾಚಕರಿಗೆ ಒಂದು ಅಪೂರ್ವವಾದ ನೋಟ ಕಾಣಸಿಗುತ್ತದೆ. ವರ್ಷದ ಉಳಿದ ದಿನಗಳನ್ನೆಲ್ಲ ಎಣ್ಣೆಯ ಡಬ್ಬಿಯಲ್ಲಿಯೋ, ಲಾರಿಯ ಹೊಟ್ಟೆಯ ಕೆಳಗೋ, ಯಾರದೋ ಸೊಂಟದಲ್ಲಿಯೋ ಕಳೆಯುವ ಹತಾರಗಳೆಲ್ಲ ಅಂದು ಡೀಸೆಲಿನಲ್ಲಿ ಮಿಂದು, ವಿಭೂತಿ ಕುಂಕುಮಗಳನ್ನು ಧರಿಸಿ, ಒಂದು ಹಲಗೆಯ ಮೇಲೆ ಸಾಲಾಗಿ ಕುಳಿತಿರುತ್ತವೆ. ಸುತ್ತಿಗೆಯ ಪಕ್ಕದಲ್ಲಿ ಚಾಣ, ಚಾಣದ ಪಕ್ಕದಲ್ಲಿ ಅರ, ಆಮೇಲೆ ಸ್ಪ್ಯಾನರುಗಳು, ತಿರುಪುಳಿಗಳು, ಇಕ್ಕಳಗಳು. ಅಂದು ಯಾವ ಹತಾರವೂ ತನ್ನದಲ್ಲದ ಕೆಲಸವನ್ನು ಮಾಡುವುದಿಲ್ಲ. ಏಕೆಂದರೆ ಅಂದು ಯಾವುದೂ ಕೆಲಸವನ್ನೇ ಮಾಡುವುದಿಲ್ಲ. ಮರುದಿನ ಬೆಳಗಾಗುವುದೇ ತಡ, ತಿರುಪುಳಿ ಬಣ್ಣದ ಡಬ್ಬಿಯ ಮುಚ್ಚಳವನ್ನು ಮೀಟುತ್ತದೆ, ಸ್ಪ್ಯಾನರು ಮೊಳೆ ಹೊಡೆಯುತ್ತದೆ, ಅರ ಹಾರೆಯ ಪದವಿಗೆ ಏರುತ್ತದೆ.

ಈ ಅಡ್ಡಬಳಕೆಯನ್ನೂ ಅದರ ಬೆನ್ನಿಗೇ ಹುಟ್ಟಿಕೊಳ್ಳುವ ಅಡ್ಡಹೆಸರುಗಳನ್ನೂ ಕುರಿತು ನಾವಿಲ್ಲಿ ಸ್ವಲ್ಪ ವಿಚಾರಮಾಡೋಣ. ವಿಷಯ ಹಾಸ್ಯದ್ದೆಂದು ತೋರಬಹುದು. ಬಹುಮಟ್ಟಿಗೆ ಹಾಸ್ಯದ್ದೇ ಹೌದು. ಆದರೆ ಸನ್ನೆ, ತಿರುಚುಬಲ, ಚಲನಶಕ್ತಿ ಮುಂತಾದವುಗಳ ಪರಿಚಯ ಪಠ್ಯಪುಸ್ತಕದ ಚಿತ್ರಗಳಿಂದ ಆಗುವುದಕ್ಕಿಂತ ಚೆನ್ನಾಗಿ ಒಂದು ಮುರಿದ ತಿರುಪುಳಿಯಿಂದ ಆಗುತ್ತದೆಂಬುದು ತರಗತಿಯಲ್ಲಿ ನಾವು ಕಂಡುಕೊಂಡ ಸಂಗತಿ.

ಹತಾರಕ್ಕೆ ಪ್ರಾಣಿಯ ಹೆಸರಿಡುವ ಚಪಲ ಬಹಳ ಹಳೆಯದು. ಭಾರವನ್ನೆತ್ತುವ ಯಂತ್ರವನ್ನು ನಾವು 'ಕ್ರೇನ್' ಎನ್ನುತ್ತೇವಷ್ಟೆ. ಇಂಗ್ಲಿಷಿನಲ್ಲಿ ಆ ಮಾತಿನ ಮೊದಲ ಅರ್ಥ ಉದ್ದ ಕತ್ತಿನ ಕ್ರೌಂಚ ಪಕ್ಷಿ. ಪ್ರಾಚೀನ ಗ್ರೀಕರೂ ಇದೇ ಹಕ್ಕಿಯ ಹೆಸರಿನಿಂದಲೇ ಆ ಯಂತ್ರವನ್ನು ಕರೆಯುತ್ತಿದ್ದರು. ರೋಮನರ ಸೈನ್ಯದಲ್ಲಿ ಕೋಟೆಯ ಬಾಗಿಲನ್ನು ಗುದ್ದುವ ತೊಲೆಗೆ 'ಟಗರು' ಎಂದು ಹೆಸರಿದ್ದಿತು. ಕಲ್ಲೆಸೆಯುವ ಒಂದು ಯಂತ್ರಕ್ಕೆ ಅವರು 'ಕಾಡುಕತ್ತೆ' ಎನ್ನುತ್ತಿದ್ದರು. ಕಲ್ಲು ಮುಂದಕ್ಕೆ ಹಾರಿದೊಡನೆ ಯಂತ್ರದ ಹಿಂಭಾಗ ಕತ್ತೆ ಒದೆದ ಹಾಗೆ ನೆಗೆಯುತ್ತಿದ್ದಿತು. ಪ್ರತಿಯೊಂದು ಕ್ರಿಯೆಗೂ ಪ್ರತಿಕ್ರಿಯೆಯುಂಟೆಂಬುದನ್ನು, ನ್ಯೂಟನ್ ಹುಟ್ಟುವುದಕ್ಕೆ ಸಾವಿರ ವರ್ಷಗಳಿಗೂ ಮೊದಲೇ, ಸಿಪಾಯಿಗಳು ಒಂದು ಕತ್ತೆಯ ಹೆಸರಿನಲ್ಲಿ ಗುರುತಿಸಿಬಿಟ್ಟಿದ್ದರೆಂದು ತಮಾಷೆಗೆ ಹೇಳಬಹುದು.

ನಮ್ಮ ದೇಶದವರೇನೂ ಇದರಲ್ಲಿ ಹಿಂದೆಬಿದ್ದವರಲ್ಲ. ಸುಶ್ರುತಸಂಹಿತೆಯಲ್ಲಿ ಶಸ್ತ್ರವೈದ್ಯನಿಗೆ ಬೇಕಾದ ೧೦೧ ಯಂತ್ರಗಳನ್ನು ಹೇಳಿದೆ. ಅವುಗಳಲ್ಲಿ ಇಕ್ಕಳದ ಜಾತಿಗೆ ಸೇರಿದ ಸ್ವಸ್ತಿಕ ಯಂತ್ರಗಳು ೨೪; ಅವುಗಳ ಹೆಸರೆಲ್ಲ ಮೃಗಪಕ್ಷಿಗಳ ಮುಖಗಳಿಂದ ಬಂದವು. ಸಿಂಹಮುಖ, ವ್ಯಾಘ್ರಮುಖ, ಕಾಕಮುಖ, ಕಂಕಮುಖ, ಹೀಗೆ. ಕಂಕವೆಂದರೆ ಬಕದ ಜಾತಿಯ, ಉದ್ದ ಕೊಕ್ಕಿನ ಹಕ್ಕಿ. ಸುಲಭವಾಗಿ ಒಳಹೊಕ್ಕು, ಹಿಡಿಯಬೇಕಾದುದನ್ನು ಬಿಗಿಯಾಗಿ ಹಿಡಿದು, ಸುಲಭವಾಗಿ ಹೊರಗೆ ಬರುವುದರಿಂದ ಕಂಕಮುಖವೇ ಶ್ರೇಷ್ಠವೆಂದು ಅಲ್ಲಿ ಹೇಳಿದೆ. ಎಲೆಕ್ಟ್ರಿಷಿಯನ್ನನ ಚೀಲದಲ್ಲಿರುವ ಉದ್ದಮೂತಿಯ ಇಕ್ಕಳವನ್ನು ಕಂಡವರಿಗೆ ಈ ಮಾತಿನ ಅರ್ಥ ಕೂಡಲೆ ಆಗುತ್ತದೆ. ಇನ್ನೂ ಒಂದು ಸ್ವಾರಸ್ಯವಿದೆ: ಈ ನೂರೊಂದು ಯಂತ್ರಗಳಲ್ಲಿ ಪ್ರಧಾನವಾದದ್ದು ವೈದ್ಯನ ಕೈಯೇ ಎಂದು ಸುಶ್ರುತನ ಅಭಿಪ್ರಾಯ.

ಕನ್ನಡದಲ್ಲಿ ಬಂದೂಕಿಗೂ ಕುದುರೆಯುಂಟು, ವೀಣೆಗೂ ಕುದುರೆಯುಂಟು. ಬಾವಿಗೆ ಬಿದ್ದ ಕೊಡವನ್ನು ಎತ್ತುವ ಕೊಕ್ಕೆಗಳ ಗೊಂಚಲಿಗೆ ನಮ್ಮ ಹಿರಿಯರು ಇಟ್ಟ ಹೆಸರು 'ಪಾತಾಳಗರಡಿ'. ಬಾವಿಯ ಆಳ ಎಂಟು ಮಟ್ಟವೇ ಆಗಿರಲಿ, ಹೆಸರು ಮಾತ್ರ ಪಾತಾಳಕ್ಕೇ ಇಳಿಯುತ್ತದೆ. ಕಾರ್ಖಾನೆಯ ದುಂಡನೆಯ ಸಣ್ಣ ಅರ 'ಇಲಿಬಾಲ'. ಬಡಗಿಯ ಒಂದು ಬಗೆಯ ಕೂಡಿಕೆ 'ಪಾರಿವಾಳದ ಬಾಲ'. ನಮ್ಮ ಪ್ರಯೋಗಶಾಲೆಯ ತಂತಿಗಳ ತುದಿಯಲ್ಲಿರುವುದು 'ಮೊಸಳೆ ಕ್ಲಿಪ್ಪು'. ಇವಲ್ಲದೆ, ಯಾರೂ ಇಡದೆ ತಾವಾಗಿಯೇ ಆದ ಹೆಸರುಗಳೂ ಇವೆ. ತಂತಿ ಕತ್ತರಿಸುವ ಇಕ್ಕಳ ನಮ್ಮ ಅಂಗಡಿಗಳಲ್ಲೆಲ್ಲ 'ಕಟಿಂಗ್ ಪ್ಲೇಯರ್' ಆಗಿ, ಯಾವುದೋ ಆಟದ ತಂಡಕ್ಕೆ ಸೇರಿದಂತೆ ಕೇಳಿಸುತ್ತದೆ. ಹಕಾರವನ್ನು ಬಿಟ್ಟು ನುಡಿಯುವ ನಮ್ಮ ಸೀಮೆಯಲ್ಲಿ ಹಾರೆ 'ಆರೆ'ಯಾದಂತೆ ಹ್ಯಾಕ್ಸಾ ಬ್ಲೇಡು 'ಆಕ್ಸಾ ಬ್ಲೇಡು' ಆಗಿದೆ.

ಒಂದು ದೇಶದವರು ಇನ್ನೊಂದು ದೇಶದವರ ತಲೆಗೆ ಕಟ್ಟಿದ ಹೆಸರುಗಳು ಇವೆಲ್ಲಕ್ಕಿಂತಲೂ ವಿನೋದವಾಗಿವೆ. ಬೇಕಾದಷ್ಟು ಬಾಯಗಲಿಸುವ ಸ್ಪ್ಯಾನರನ್ನು ವಾಚಕರು ಬಲ್ಲರು. ಫ್ರಾನ್ಸ್, ಸ್ಪೇಯಿನ್, ಇಟಲಿ ದೇಶಗಳಲ್ಲಿ ಅದು 'ಇಂಗ್ಲಿಷ್ ಕೀಲಿಕೈ'. ಜರ್ಮನರಲ್ಲಿ ಅದರ ಒಂದು ಬಗೆ 'ಇಂಗ್ಲಿಷಿನವನು', ಇನ್ನೊಂದು ಬಗೆ 'ಫ್ರೆಂಚಿನವನು'. ಡೆನ್ಮಾರ್ಕಿನವರಿಗೆ ಅದು 'ಸ್ವೀಡನ್ನಿನ ಕೀಲಿಕೈ'. ಇದಕ್ಕೆ ಆಧಾರವೂ ಉಂಟು, ಏಕೆಂದರೆ ಇಂದು ಎಲ್ಲೆಲ್ಲಿಯೂ ಕಾಣುವ ಮಾದರಿಗೆ ೧೮೯೦ರ ದಶಕದ ಮೊದಲ ವರ್ಷಗಳಲ್ಲಿ ಹಕ್ಕುಪತ್ರ ಪಡೆದವನು ಯೋಹಾನ್ಸನ್ ಎಂಬ ಸ್ವೀಡನ್ನಿನವನು. ಇದರ ಅಣ್ಣನಾದ ಮಂಕಿ ಸ್ಪ್ಯಾನರಿಗೆ ಮಂಕಿ ಎಂಬ ಹೆಸರಿನವನೊಬ್ಬ ಅದನ್ನು ಕಂಡುಹಿಡಿದನೆಂದು ಕಥೆ ಕಟ್ಟಿದ್ದಾರೆ. ಕಥೆ ಸೊಗಸಾಗಿದೆ, ನಿಜವಲ್ಲ. ಆ ಜಾತಿಯ ಒಂದು ಪ್ರಸಿದ್ಧ ಮಾದರಿಗೆ ೧೮೪೧ರಲ್ಲಿ ಹಕ್ಕುಪತ್ರ ಪಡೆದ ಅಮೆರಿಕದವನ ಹೆಸರು ಲೋರಿಂಗ್ ಕೋಸ್.

ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ 'ಬರ್ಮಿಂಗ್‌ಹ್ಯಾಮಿನ ತಿರುಪುಳಿ' ಎಂದರೆ ಏನೆಂದು ವಾಚಕರು ಊಹಿಸಬಲ್ಲರೆ? ಸುತ್ತಿಗೆ! ಲೋಹದ ಕೆಲಸಕ್ಕೆ ಹೆಸರಾದ ಆ ಊರಿನವರು ತಿರುಪುಮೊಳೆಯನ್ನೂ ತಿರುಗಿಸದೆ ಗುದ್ದಿಯೇ ಇಳಿಸುತ್ತಾರೆಂದು ನೆರೆಯೂರಿನವರ ಕೊಂಕು. ನಮ್ಮ ಹುಳಿಯಾರಿನಲ್ಲಿಯೂ ಇಂತಹ ಜನಕ್ಕೆ ಕೊರತೆಯಿಲ್ಲ. ನಾವು ಬಾಲ್ಯದಲ್ಲಿ ಪರಿಚಯ ಮಾಡಿಕೊಂಡಿದ್ದ ಒಂದು ರಿಪೇರಿ ಅಂಗಡಿಯಲ್ಲಿ ಎರಡು ಕಿಲೋ ತೂಕದ ಸುತ್ತಿಗೆಯೊಂದಿದ್ದು ಅದನ್ನು 'ದೊಡ್ಡ ಮೇಷ್ಟ್ರು' ಎಂದು ಕರೆಯುತ್ತಿದ್ದರು. ತುಕ್ಕುಹಿಡಿದ ನಟ್ಟು ಸ್ಪ್ಯಾನರಿನ ಮಾತನ್ನು ಕೇಳದಿದ್ದಾಗ, "ಲೋ, ದೊಡ್ಡ ಮೇಷ್ಟ್ರನ್ನ ಕರೀರೋ" ಎಂದು ಕೂಗು ಏಳುತ್ತಿತ್ತು.

ದೊಡ್ಡ ಮೇಷ್ಟ್ರ ಮಹಿಮೆಯನ್ನು ಲೆಕ್ಕಹಾಕಿ ನೋಡೋಣ. ಅಕ್ಕಸಾಲಿಯ ನೂರು ಪೆಟ್ಟು, ಕಮ್ಮಾರನ ಒಂದು ಪೆಟ್ಟು ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಅಕ್ಕಸಾಲಿಯ ಸುತ್ತಿಗೆ ೫೦ ಗ್ರಾಂ ತೂಗಿ, ಸೆಕೆಂಡಿಗೆ ೨ ಮೀಟರ್ ವೇಗದಲ್ಲಿ ಬೀಳುತ್ತದೆಂದು ಇಟ್ಟುಕೊಳ್ಳೋಣ. ಚಲನಶಕ್ತಿಯು ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಎರಡರಿಂದ ಭಾಗಿಸಿದಷ್ಟು; ಆದ್ದರಿಂದ ಒಂದು ಪೆಟ್ಟಿನ ಶಕ್ತಿ ೦.೧ ಜೂಲ್, ನೂರು ಪೆಟ್ಟುಗಳದು ೧೦ ಜೂಲ್. ಕಮ್ಮಾರನ ಒಂದು ಕಿಲೋ ಸುತ್ತಿಗೆ ಸೆಕೆಂಡಿಗೆ ೫ ಮೀಟರ್ ವೇಗದಲ್ಲಿ ಬಿದ್ದರೆ ಅದರ ಒಂದೇ ಪೆಟ್ಟಿನ ಶಕ್ತಿ ೧೨.೫ ಜೂಲ್. ಗಾದೆಯನ್ನು ಕಟ್ಟಿದ ಪುಣ್ಯಾತ್ಮನ ಅಂದಾಜು ಎಷ್ಟು ಸರಿಯಾಗಿದೆ! ಆದರೆ ಶಕ್ತಿ ಸಮವಾದ ಮಾತ್ರಕ್ಕೆ ಪರಿಣಾಮ ಸಮವಾಗುವುದಿಲ್ಲ. ಆ ಒಂದು ಪೆಟ್ಟಿಗೆ ಮೊಳೆ ಎರಡು ಮಿಲಿಮೀಟರ್ ಇಳಿದು ಸುತ್ತಿಗೆ ನಿಂತಿತೆನ್ನಿ, ೧೨.೫ ಜೂಲನ್ನು ೦.೦೦೨ ಮೀಟರಿನಿಂದ ಭಾಗಿಸಿದರೆ ಮೊಳೆಯ ಮೇಲೆ ಬಿದ್ದ ಸರಾಸರಿ ಬಲ ೬೨೫೦ ನ್ಯೂಟನ್, ಅಂದರೆ ಸುಮಾರು ೬೪೦ ಕಿಲೋ ಭಾರ. ಅಕ್ಕಸಾಲಿಯ ಪೆಟ್ಟಿನ ಬಲ ಮರದ ಹಿಡಿತವನ್ನು ಮೀರುವಷ್ಟಿಲ್ಲದಿದ್ದರೆ ಮೊಳೆ ಅಲುಗಿ ಮತ್ತೆ ಮೊದಲಿನಂತಾಗುತ್ತದೆ. ನೂರಲ್ಲ, ಸಾವಿರ ಪೆಟ್ಟು ಬಿದ್ದರೂ ಅಷ್ಟೆ.

ಇಷ್ಟು ಬಲ ಸುಲಭವಾಗಿ ಕೈಗೆ ಸಿಕ್ಕುವುದರಿಂದಲೇ ಎಲ್ಲರ ಕೈಯೂ ಮೊದಲು ಸುತ್ತಿಗೆಯ ಕಡೆಗೆ ಹೋಗುವುದು. ತಿರುಪುಮೊಳೆಯನ್ನು ಗುದ್ದಿ ಇಳಿಸಿದರೆ ಅದು ಇಳಿಯುತ್ತದೆ, ನಿಜ. ಆದರೆ ತಿರುಪಿನ ಏಣುಗಳು ಮರದ ನಾರುಗಳ ನಡುವೆ ದಾರಿ ಕೊರೆದುಕೊಂಡು ಕೂಡುವುದಕ್ಕೆ ಬದಲಾಗಿ ನಾರುಗಳನ್ನು ಹರಿದು ಪುಡಿಮಾಡಿಬಿಡುತ್ತವೆ. ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಬಿಗಿಯಾದಾಗ ಜೋರಾಗಿ ಎಳೆದರೆ ಕೀಲು ಕೈಗೆ ಬರುವುದು ಇದರಿಂದಲೇ. ಇನ್ನು ಸುತ್ತಿಗೆಯಿಂದ ಸುತ್ತಿಗೆಯನ್ನೇ ಹೊಡೆಯುವ ಶೂರರೂ ಇದ್ದಾರೆ. ಸುತ್ತಿಗೆಯ ಮುಖ ಗಡಸು ಉಕ್ಕು. ಗಡಸುತನ ಬೇರೆ, ತಾಳಿಕೆ ಬೇರೆ. ಗಡಸಾದ ವಸ್ತು ಬಾಗಲಾರದೆ ಸಿಡಿಯುತ್ತದೆ. ಹಾಗೆ ಸಿಡಿದ ಚೂರು ಕಣ್ಣನ್ನೇ ಹುಡುಕಿಕೊಂಡು ಹೋದ ನಿದರ್ಶನಗಳುಂಟು. ಚಾಣದ ತಲೆಯನ್ನು ಮಾತ್ರ ಮೆತ್ತಗೆ ಉಳಿಸಿ ಬಾಯಿಯನ್ನು ಗಡಸು ಮಾಡುವ ಕಮ್ಮಾರನಿಗೆ ಈ ಸೂಕ್ಷ್ಮ ತಿಳಿದಿದೆ. ಪೆಟ್ಟು ತಿಂದು ತಿಂದು ಆ ತಲೆ ಅಣಬೆಯಂತೆ ಅರಳುತ್ತದೆ. ಅರಳಿದ ಅಂಚನ್ನು ಉಜ್ಜಿ ತೆಗೆಯದಿದ್ದರೆ ಅದೂ ಸಿಡಿಯುತ್ತದೆ.

ತಿರುಪುಳಿಯ ಕಥೆಗೆ ಬರೋಣ. ಪಾಪ, ಈ ಹತಾರಕ್ಕೆ ಕನ್ನಡದಲ್ಲಿ ಹೆಸರಿಟ್ಟವರೇ ಅಡ್ಡಬಳಕೆಗೆ ಅಪ್ಪಣೆ ಕೊಟ್ಟುಬಿಟ್ಟಿದ್ದಾರೆ: ತಿರುಪಿನ ಉಳಿಯಂತೆ! ಉಳಿ ಎಂದಮೇಲೆ ಹೊಡೆಯದೆ ಬಿಡುತ್ತಾರೆಯೆ? ಇದರ ವಿಷಯದಲ್ಲಿ ವಿದ್ಯಾರ್ಥಿಗಳಲ್ಲಿ ಒಂದು ತಪ್ಪು ಭಾವನೆಯೂ ಇದೆ. ಬಿಗಿಯಾದ ತಿರುಪನ್ನು ಬಿಚ್ಚಲು ಉದ್ದನೆಯ ತಿರುಪುಳಿ ಬೇಕೆಂದು ಹಲವರು ಹೇಳುತ್ತಾರೆ. ತಿರುಚುಬಲವೆಂದರೆ ಬಲವನ್ನು ಅಕ್ಷದಿಂದ ಅದಕ್ಕಿರುವ ದೂರದಿಂದ ಗುಣಿಸಿದ್ದು. ತಿರುಪುಳಿಯನ್ನು ತಿರುಗಿಸುವಾಗ ಈ ದೂರ ಹಿಡಿಯ ತ್ರಿಜ್ಯವೇ ಹೊರತು ಕಂಬಿಯ ಉದ್ದವಲ್ಲ. ೩೦ ಮಿಲಿಮೀಟರ್ ದಪ್ಪದ ಹಿಡಿಯೂ ೬ ಮಿಲಿಮೀಟರ್ ಅಗಲದ ಬಾಯಿಯೂ ಇದ್ದರೆ, ಹಿಡಿಯ ಅಂಚಿನಲ್ಲಿ ಬೆರಳುಗಳು ಕೊಟ್ಟ ಬಲ ಬಾಯಿಯ ಅಂಚಿನಲ್ಲಿ ಐದರಷ್ಟಾಗುತ್ತದೆ. ಕಂಬಿ ಗೇಣುದ್ದವಿರಲಿ, ಮೊಳದುದ್ದವಿರಲಿ. ಉದ್ದನೆಯದರಲ್ಲಿ ಓಲಾಟ ಕಡಿಮೆ. ಅದರಿಂದ ಲಾಭ ಅಷ್ಟೆ.

ಕಂಬಿಯ ಉದ್ದ ಕೆಲಸಕ್ಕೆ ಬರುವುದು ಅದನ್ನು ಮೀಟುಗೋಲಾಗಿ ಬಳಸಿದಾಗ. ೨೫೦ ಮಿಲಿಮೀಟರ್ ಉದ್ದದ ತಿರುಪುಳಿಯ ತುದಿಯನ್ನು ಒಂದು ಸಂದಿಗೆ ತೂರಿಸಿ, ತುದಿಯಿಂದ ೧೦ ಮಿಲಿಮೀಟರ್ ದೂರದಲ್ಲಿ ಆನಿಕೆ ಕೊಟ್ಟು ಹಿಡಿಯನ್ನು ಅದುಮಿದರೆ, ಯಾಂತ್ರಿಕ ಲಾಭ ೨೪೦ನ್ನು ೧೦ರಿಂದ ಭಾಗಿಸಿದಷ್ಟು, ಅಂದರೆ ೨೪. ಕೈಯಿಂದ ೨೦ ಕಿಲೋ ಭಾರವನ್ನು ಹಾಕುವುದು ಯಾರಿಗೂ ಕಷ್ಟವಲ್ಲ. ಆಗ ಕಾಸಿನಷ್ಟು ತೆಳ್ಳಗಿರುವ ಆ ತುದಿಯ ಮೇಲೆ ಬೀಳುವುದು ೪೮೦ ಕಿಲೋ! ತುದಿ ಬಾಗುತ್ತದೆ, ಇಲ್ಲವೆ ಮುರಿಯುತ್ತದೆ. ಮುರಿದಾಗ ಅದುಮುತ್ತಿದ್ದ ಕೈ ಎಲ್ಲಿಗೆ ಹೋಗುತ್ತದೆಂಬುದನ್ನು ಮೊದಲೇ ಯೋಚಿಸಿದವರು ವಿರಳ.

ಸ್ಪ್ಯಾನರಿನ ಉದ್ದವಾದರೋ ಬಹಳ ಆಲೋಚಿಸಿ ಇಟ್ಟದ್ದು. ೧೦ ಮಿಲಿಮೀಟರ್ ದಪ್ಪದ ಸಾಮಾನ್ಯ ಗಟ್ಟಿ ಬೋಲ್ಟಿಗೆ ಸುಮಾರು ೫೦ ನ್ಯೂಟನ್-ಮೀಟರ್ ತಿರುಚುಬಲ ಸಾಕು. ಅದಕ್ಕೆ ತಕ್ಕ ಸ್ಪ್ಯಾನರು ಒಂದು ಗೇಣಿಗಿಂತ ಉದ್ದವಿರುವುದಿಲ್ಲ. ಮನುಷ್ಯನ ತೋಳಿನ ಬಲಕ್ಕೂ ಬೋಲ್ಟಿನ ತಾಳಿಕೆಗೂ ಹೊಂದುವಂತೆ ಮಾಡಿರುತ್ತಾರೆ. ನಮ್ಮವರು ಅದರ ಬಾಲಕ್ಕೆ ಎರಡಡಿ ಕಬ್ಬಿಣದ ಕೊಳವೆಯನ್ನು ತೊಡಿಸುತ್ತಾರೆ. ೨೦೦ ನ್ಯೂಟನ್ ಬಲ ೦.೬ ಮೀಟರ್ ದೂರದಲ್ಲಿ ಬಿದ್ದಾಗ ೧೨೦ ನ್ಯೂಟನ್-ಮೀಟರ್. ಬೋಲ್ಟು ಕತ್ತರಿಸಿಹೋಗುತ್ತದೆ. ಆಮೇಲೆ ಬೋಲ್ಟನ್ನು ಮಾಡಿದ ಕಂಪನಿಗೆ ಬೈಗುಳ.

ವಿಷಯಾಂತರವಾದರೂ ಒಂದು ಮಾತು. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಹೊಸದಾಗಿ ಸೇರಿದ ಹುಡುಗನನ್ನು ಉಗ್ರಾಣಕ್ಕೆ ಅಟ್ಟಿ 'ಎಡಗೈ ತಿರುಪುಳಿ' ತರಹೇಳುವ ಚೇಷ್ಟೆ ಹಿಂದಿನಿಂದ ಬಂದದ್ದು. ಹುಡುಗ ಹುಡುಕಿ ಹುಡುಕಿ ಬೆವರುತ್ತಾನೆ, ಉಳಿದವರು ನಗುತ್ತಾರೆ. ಎಡಗೈ ತಿರುಪುಳಿ ಏಕಿಲ್ಲ? ಅದನ್ನು ಕನ್ನಡಿಯಲ್ಲಿ ನೋಡಿದರೆ ಪ್ರತಿಬಿಂಬವೂ ಅದೇ ತಿರುಪುಳಿ. ಎಡಬಲ ಭೇದ ಅದಕ್ಕಿಲ್ಲ. ಸುತ್ತಿಗೆಗೂ ಹಾಗೆಯೆ. ಆದರೆ ಕತ್ತರಿಯನ್ನು ಕನ್ನಡಿಯ ಮುಂದೆ ಹಿಡಿಯಿರಿ. ಮೇಲಿನ ಅಲಗು ಬಲಕ್ಕಿದ್ದುದು ಪ್ರತಿಬಿಂಬದಲ್ಲಿ ಎಡಕ್ಕಿರುತ್ತದೆ. ಎಷ್ಟು ತಿರುಗಿಸಿದರೂ ಒಂದು ಇನ್ನೊಂದಾಗುವುದಿಲ್ಲ. ಎಡಗೈ ಕತ್ತರಿ ಆದ್ದರಿಂದ ನಿಜವಾಗಿಯೂ ಇದೆ, ಅಂಗಡಿಯಲ್ಲಿ ಸಿಗುತ್ತದೆ. ಒಂದೇ ಮಗ್ಗುಲಿಗೆ ಸಾಣೆ ಹಿಡಿದ ಕುಡುಗೋಲಿಗೂ ಈ ಭೇದವುಂಟು. ರಾಗಿ ಕೊಯ್ಯುವ ಎಡಚನನ್ನು ಕೇಳಿದರೆ ಹೇಳುತ್ತಾನೆ. ನಗೆಯಾಟಕ್ಕೆ ಗುರಿಯಾದ ಹುಡುಗ ಕತ್ತರಿಯನ್ನು ಕೇಳಿದ್ದರೆ ಅವನೇ ಗೆಲ್ಲುತ್ತಿದ್ದ.

ಇಷ್ಟು ಓದಿದವರು ಅಡ್ಡಬಳಕೆಯೆಲ್ಲ ತಪ್ಪೇ ಎಂದು ತಿಳಿಯಬಾರದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ತೆಂಗಿನ ಸೀಮೆ ನಿಂತಿರುವುದೇ ಒಂದು ಅಡ್ಡಬಳಕೆಯ ಮೇಲೆ. ಹಾರೆ ಇರುವುದು ನೆಲವನ್ನು ಅಗೆಯಲು. ಅದನ್ನು ತಲೆಕೆಳಗು ಮಾಡಿ, ಚೂಪಾದ ತುದಿ ಮೇಲಕ್ಕೆ ಬರುವಂತೆ ನೆಲದಲ್ಲಿ ನೆಟ್ಟು, ಅದರ ಮೇಲೆ ತೆಂಗಿನಕಾಯಿಯನ್ನು ಸುಲಿಯಬಹುದೆಂದು ಯಾರಿಗೆ ಮೊದಲು ಹೊಳೆಯಿತೋ ಅವರ ಹೆಸರು ಉಳಿದಿಲ್ಲ. ಮಟ್ಟೆಯ ನಾರುಗಳು ತೊಟ್ಟಿನಿಂದ ತುದಿಯವರೆಗೆ ಉದ್ದುದ್ದವಾಗಿ ಹರಿದಿ­ರುತ್ತವೆ. ಉದ್ದಕ್ಕೆ ಎಳೆದರೆ ಬಹಳ ಗಟ್ಟಿ. ಒಂದನ್ನೊಂದು ಅಡ್ಡಡ್ಡಲಾಗಿ ಅಗಲಿಸುವುದು ಸುಲಭ. ಕಾಯಿಯನ್ನು ಹಾರೆಯ ಮೇಲೆ ಕುಕ್ಕಿದಾಗ ಅದರ ತುದಿ ಬೆಣೆಯಂತೆ ನಾರುಗಳ ನಡುವೆ ಹೊಗುತ್ತದೆ. ಕೂಡಲೆ ಕಾಯಿಯನ್ನು ಪಕ್ಕಕ್ಕೆ ಹೊರಳಿಸಿ ಒತ್ತಿದರೆ ಇಡೀ ಕಾಯಿಯೇ ಸನ್ನೆಗೋಲಾಗಿ ಮಟ್ಟೆ ಹೋಳಾಗಿ ಬಿಡುತ್ತದೆ. ಇಲ್ಲಿ ಹತಾರ ನಿಶ್ಚಲ, ಕೆಲಸದ ವಸ್ತುವೇ ಚಲಿಸುವುದು! ಕುಕ್ಕುವುದು ಬೆಣೆ, ಹೊರಳಿಸುವುದು ಸನ್ನೆ. ಎರಡು ಸರಳಯಂತ್ರಗಳು ಒಂದೇ ಉಸಿರಿನಲ್ಲಿ ಮುಗಿಯುತ್ತವೆ. ಪಳಗಿದ ಆಳು ದಿನವೊಂದಕ್ಕೆ ಸಾವಿರಕ್ಕೂ ಮೇಲ್ಪಟ್ಟು ಕಾಯಿ ಸುಲಿಯುತ್ತಾನೆ. ಪಳಗದವನ ಅಂಗೈಗೆ ಹಾರೆ ಯಾವ ದಾಕ್ಷಿಣ್ಯವನ್ನೂ ತೋರುವುದಿಲ್ಲ. ಕೇರಳದ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ 'ಕೇರಮಿತ್ರ'ವೆಂಬ ಸಾಧನದಲ್ಲಿ ಒಂದರ ಪಕ್ಕಕ್ಕೊಂದು ಎರಡು ಬೆಣೆಗಳಿದ್ದು, ಕಾಯಿಯನ್ನು ಚುಚ್ಚಿದಮೇಲೆ ಸನ್ನೆಯನ್ನೆತ್ತಿದರೆ ಅವು ಬಾಯಿಬಿಟ್ಟು ಮಟ್ಟೆಯನ್ನು ಸೀಳುತ್ತವೆ. ತತ್ತ್ವ ಹಾರೆಯದೇ.

ನಮ್ಮ ಕಡೆಯ ಉಂಡೆಕೊಬ್ಬರಿಯ ಕೆಲಸ ಇನ್ನೂ ನಾಜೂಕಿನದು. ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ, ಒಳಗಿನ ಉಂಡೆ ಚಿಪ್ಪನ್ನು ಬಿಟ್ಟು ಗಡಗಡ ಎನ್ನುವುದನ್ನು ಕೇಳಿ, ಮಟ್ಟೆ ಸುಲಿದು, ಬಳಿಕ ಮಚ್ಚಿನಿಂದ ಚಿಪ್ಪನ್ನು ಮಾತ್ರ ಒಡೆದು ತೆಗೆಯಬೇಕು. ಉಂಡೆ ಸೀಳಿದರೆ ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಆ ಮಚ್ಚು ಎಷ್ಟೋ ವೇಳೆ ಲಾರಿಯ ಹಳೆಯ ಕಮಾನುಪಟ್ಟಿಯಿಂದ ಆದದ್ದು. ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗುತ್ತಿದ್ದ ಉಕ್ಕನ್ನು ಕಮ್ಮಾರ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ತಟ್ಟಿ, ಅಂಚಿಗೆ ನೀರು ಕುಡಿಸುತ್ತಾನೆ. ಇದನ್ನು ಅಡ್ಡಬಳಕೆ ಎನ್ನಲು ನಮಗೆ ನಾಲಗೆ ಬಾರದು. ಅರವನ್ನು ಹಾಗೆಯೇ ಮೀಟುಗೋಲು ಮಾಡಿದರೆ ಅದು ಗಾಜಿನಂತೆ ಮುರಿಯುತ್ತದೆ. ಅದೇ ಅರವನ್ನು ಕುಲುಮೆಗೆ ಹಾಕಿ ಗಡಸುತನವನ್ನಿಳಿಸಿ ಚೂರಿ ಮಾಡಿದರೆ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಮೊದಲಿನವನು ಉಕ್ಕಿನ ಗುಣವನ್ನು ಕೇಳಲಿಲ್ಲ, ಎರಡನೆಯವನು ಕೇಳಿದ.

ಪೆಟ್ಟು ತಿಂದ ಚಾಣ, ಬಾಗಿದ ತಿರುಪುಳಿ ತಮ್ಮ ಗಾಯವನ್ನು ತೋರಿಸಿಕೊಳ್ಳುತ್ತವೆ. ಅಳೆಯುವ ಉಪಕರಣಗಳ ಸ್ವಭಾವ ಬೇರೆ. ನಮ್ಮ ಪ್ರಯೋಗಶಾಲೆಯ ಸ್ಕ್ರೂಗೇಜನ್ನು ಹುಡುಗರು 'ಅಡಕತ್ತರಿ' ಎಂದು ಕರೆಯುತ್ತಾರೆ. ಅದರಲ್ಲಿ ಹುಣಿಸೆ ಬೀಜವನ್ನು ಒಡೆದವನೊಬ್ಬನನ್ನು ನಾವೇ ಹಿಡಿದಿದ್ದೇವೆ. ಅದರ ತಿರುಪು ಒಂದು ಸುತ್ತಿಗೆ ಮುಂದುವರಿಯುವುದು ೦.೫ ಮಿಲಿಮೀಟರ್; ಬೆರಳು ಹಿಡಿಯುವ ಉರುಳೆಯ ಸುತ್ತಳತೆ ಸುಮಾರು ೫೦ ಮಿಲಿಮೀಟರ್. ಘರ್ಷಣೆಯೇ ಇಲ್ಲದಿದ್ದರೆ ಬಲ ನೂರರಷ್ಟಾಗುತ್ತಿತ್ತು. ಘರ್ಷಣೆ ಅದರಲ್ಲಿ ಬಹುಪಾಲನ್ನು ನುಂಗಿದರೂ ಉಳಿದದ್ದು ಬೀಜವನ್ನೊಡೆಯಲು ಸಾಕು, ಚೌಕಟ್ಟನ್ನು ಕೂದಲೆಳೆಯಷ್ಟು ಅಗಲಿಸಲೂ ಸಾಕು. ತುದಿಯಲ್ಲಿ ಕಟಕಟ ಎನ್ನುವ ಸಣ್ಣ ಗುಬುಟನ್ನು ಇಟ್ಟಿರುವುದು ಬಲ ಮಿತಿಮೀರದಿರಲೆಂದೇ, ಅದನ್ನು ಮುಟ್ಟುವವರಿಲ್ಲ. ಮರುದಿನ ಅದೇ ಸ್ಕ್ರೂಗೇಜು ಹೊಳೆಯುತ್ತ ಪೆಟ್ಟಿಗೆಯಲ್ಲಿ ಕುಳಿತಿರುತ್ತದೆ, ತಂತಿಯ ದಪ್ಪವನ್ನು ನಿಃಸಂಕೋಚವಾಗಿ ತಪ್ಪು ಹೇಳುತ್ತದೆ. ಶೂನ್ಯದೋಷವನ್ನು ಮೊದಲು ನೋಡಿರೆಂದು ನಾವು ಪ್ರತಿ ತರಗತಿಯಲ್ಲಿಯೂ ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಹೀಗೆ ಗಂಟಲು ಹರಿದುಕೊಳ್ಳುವ ನಾವು ಮಾಡಿದ ಒಂದು ಕೆಲಸವನ್ನು ಈಗ ಹೇಳಬೇಕಾಗಿದೆ. ಹುಳಿಯಾರಿನ ಸಮೀಪದಲ್ಲಿ ನಮ್ಮ ಚಿಕ್ಕಪ್ಪನವರ ತೆಂಗಿನ ತೋಟವಿದೆ. ಕೆಲವು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಹನಿ ನೀರಾವರಿಯ ಕೊಳವೆಗೆ ತೂತು ಮಾಡಬೇಕಾಗಿ ಬಂತು. ಬೈರಿಗೆ ಹತ್ತಿರವಿರಲಿಲ್ಲ. ಪಂಪುಮನೆಯ ಗೋಡೆಯಲ್ಲಿ ಸಿಕ್ಕಿಸಿದ್ದ ಟೆಸ್ಟರನ್ನು ತೆಗೆದುಕೊಂಡು, ತುದಿಯನ್ನು ಕೊಳವೆಯ ಮೇಲಿಟ್ಟು, ಹಿಡಿಯ ಮೇಲೆ ಒಂದು ಕಲ್ಲಿನಿಂದ ನಾಲ್ಕಾರು ಪೆಟ್ಟು ಕೊಟ್ಟೆವು. ತೂತಾಯಿತು. ಟೆಸ್ಟರನ್ನು ಒರೆಸಿ ಮೊದಲಿದ್ದ ಜಾಗದಲ್ಲಿಯೇ ಇಟ್ಟೆವು.

ಟೆಸ್ಟರೆಂದರೆ ತಿರುಪುಳಿಯ ವೇಷ ಹಾಕಿದ ಒಂದು ವಿದ್ಯುನ್ಮಂಡಲ. ಹಿಡಿಯೊಳಗೆ ಸುಮಾರು ಹತ್ತು ಲಕ್ಷ ಓಮ್ ರೋಧವುಳ್ಳ ಒಂದು ಸಣ್ಣ ಕಡ್ಡಿ, ಅದರ ಬೆನ್ನಿಗೆ ಒಂದು ನಿಯಾನ್ ದೀಪ, ಆಮೇಲೆ ಸ್ಪ್ರಿಂಗು, ಕೊನೆಗೆ ನಾವು ಬೆರಳಿಡುವ ಲೋಹದ ಟೋಪಿ. ನಿಯಾನ್ ಅನಿಲವನ್ನು ರ‍್ಯಾಮ್ಸೆ ಮತ್ತು ಟ್ರ್ಯಾವರ್ಸ್ ೧೮೯೮ರಲ್ಲಿ ಕಂಡುಹಿಡಿದರು. ತೀರ ಕಡಿಮೆ ವಿದ್ಯುತ್ತಿನಲ್ಲಿಯೂ ಕೆಂಪಗೆ ಹೊಳೆಯುವುದು ಅದರ ಗುಣ. ತುದಿ ೨೩೦ ವೋಲ್ಟಿನ ತಂತಿಗೆ ತಗುಲಿದಾಗ ಕಡ್ಡಿ, ದೀಪ, ನಮ್ಮ ಮೈ, ನೆಲ ಎಲ್ಲವೂ ಸೇರಿ ಮಂಡಲ ಪೂರ್ತಿಯಾಗುತ್ತದೆ. ಹರಿಯುವ ವಿದ್ಯುತ್ತು ಮಿಲಿಆಂಪಿಯರಿನ ಕಾಲುಭಾಗವನ್ನೂ ಮೀರುವುದಿಲ್ಲ, ಮೈಗೆ ಅದರ ಅರಿವೇ ಆಗದು. ಕಡ್ಡಿಯಿಲ್ಲದೆ ನೇರವಾಗಿ ಮುಟ್ಟಿದರೆ? ಬೆವರಿದ ಮೈಯ ರೋಧ ೨೦೦೦ ಓಮ್ ಎಂದಿಟ್ಟುಕೊಂಡರೆ ೧೧೫ ಮಿಲಿಆಂಪಿಯರ್. ಹೃದಯದ ಬಡಿತವನ್ನು ಕೆಡಿಸಲು ಅಷ್ಟು ಸಾಕು. ಕಡ್ಡಿ ಮುರಿದರೆ, ಇಲ್ಲವೆ ದೀಪ ಒಡೆದರೆ, ಟೆಸ್ಟರು ಯಾವ ತಂತಿಯ ಮೇಲಿಟ್ಟರೂ ಕತ್ತಲೆಯಾಗಿಯೇ ಇರುತ್ತದೆ. ತಂತಿಯಲ್ಲಿ ವಿದ್ಯುತ್ತಿಲ್ಲದಾಗಲೂ ಅದು ತೋರುವುದು ಅದೇ ಕತ್ತಲೆಯನ್ನು.

ನಾವು ಊರಿಗೆ ಹಿಂತಿರುಗಿ ಒಂದು ವಾರವಾಗಿರಬಹುದು. ಚಿಕ್ಕಪ್ಪನವರು ರಾತ್ರಿ ನೀರು ಕಟ್ಟಲು ಹೋಗಿ, ಮೋಟಾರು ಓಡದಿರಲು ಸ್ಟಾರ್ಟರಿನ ಪೆಟ್ಟಿಗೆಯನ್ನು ತೆರೆದು ಟೆಸ್ಟರನ್ನಿಟ್ಟು ನೋಡಿದರು. ಮೂರು ಕಡೆಯೂ ದೀಪ ಹೊತ್ತಲಿಲ್ಲ. ಕರೆಂಟು ಹೋಗಿದೆಯೆಂದುಕೊಂಡು ಸಡಿಲವಾಗಿದ್ದ ತಂತಿಯನ್ನು ಬೆರಳಿನಿಂದ ಒತ್ತಿದರು.

ಅವರು ಬದುಕಿದ್ದು ಒಂದೇ ಕಾರಣದಿಂದ. ತೋರುಬೆರಳು ತಂತಿಯ ಮೇಲೆ, ಕಿರುಬೆರಳು ಕಬ್ಬಿಣದ ಪೆಟ್ಟಿಗೆಯ ಅಂಚಿಗೆ. ವಿದ್ಯುತ್ತು ಒಂದೇ ಕೈಯ ಎರಡು ಬೆರಳುಗಳ ನಡುವೆ ಹಾದುಹೋಯಿತು. ಎಡಗೈ ಬೆನ್ನ ಹಿಂದೆ ಇತ್ತು, ಕಾಲಲ್ಲಿ ಒಣಗಿದ ರಬ್ಬರಿನ ಚಪ್ಪಲಿಯಿತ್ತು. ಎದೆಯನ್ನು ದಾಟಿದ್ದರೆ ಈ ಲೇಖನವನ್ನು ನಾವು ಬರೆಯುತ್ತಿರಲಿಲ್ಲ. ಎರಡು ಬೆರಳುಗಳ ತುದಿ ಸುಟ್ಟು, ಮಾಯಲು ಮೂರು ತಿಂಗಳು ಹಿಡಿಯಿತು.

ಸುದ್ದಿ ತಿಳಿದು ಓಡಿಹೋದ ನಮಗೆ ಅವರು ಹೇಳಿದ್ದು ಇಷ್ಟು: "ಲೈಟು ಬರಲಿಲ್ಲ ಕಣಪ್ಪ. ಮೇಷ್ಟ್ರು ನೀನು, ನೀನೇ ಹೇಳು, ಲೈಟು ಬರದೆ ಇದ್ದರೆ ಕರೆಂಟು ಇಲ್ಲ ಅಂತ ತಾನೆ?" ನಾವು ಟೆಸ್ಟರನ್ನು ಬಿಚ್ಚಿ ನೋಡಿದೆವು. ಕಡ್ಡಿ ನಡುವೆ ಸೀಳಿತ್ತು. ಟೋಪಿಯ ಮೇಲೆ ಕಲ್ಲಿನ ಗುರುತು ಇನ್ನೂ ಇದ್ದಿತು. "ಚಿಕ್ಕಪ್ಪ, ಇದನ್ನು ಕೆಡಿಸಿದವನು ನಾನು" ಎಂದು ಹೇಳುವುದಕ್ಕೆ ನಮಗೆ ಸಂಜೆಯವರೆಗೆ ಹೊತ್ತು ಬೇಕಾಯಿತು. ಅವರು ಕಟ್ಟುಹಾಕಿದ್ದ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿಕೊಂಡು, "ಹೋಗಲಿ ಬಿಡಪ್ಪ, ನಾನೂ ಅದರಲ್ಲಿ ಏನೇನೋ ಮೀಟಿದೀನಿ" ಎಂದರು.

ಈಗ ಅವರು ಪಂಪುಮನೆಯಲ್ಲಿ ಮೊದಲು ಮೇನ್ ಸ್ವಿಚ್ಚನ್ನು ಆರಿಸದೆ ಸ್ಟಾರ್ಟರಿನ ಬಾಗಿಲನ್ನು ತೆರೆಯುವುದಿಲ್ಲ. ಹೊಸ ಟೆಸ್ಟರನ್ನು ತೋಟಕ್ಕೆ ಒಯ್ಯುವ ಮೊದಲು ಮನೆಯ ಪ್ಲಗ್ಗಿನಲ್ಲಿಟ್ಟು, ದೀಪ ಹೊತ್ತುವುದನ್ನು ಕಣ್ಣಾರೆ ಕಂಡು ಒಯ್ಯುತ್ತಾರೆ. ಹಿಂದಿರುಗಿದ ಮೇಲೆ ಮತ್ತೊಮ್ಮೆ ನೋಡುತ್ತಾರೆ. ಬಿಸಿಲಿನಲ್ಲಿ ಆ ಕೆಂಪು ಬೆಳಕು ಕಾಣಿಸದೆಂದು ಅಂಗೈಯಿಂದ ಮರೆಮಾಡಿಕೊಳ್ಳುವುದನ್ನೂ ಅವರೇ ಕಂಡುಕೊಂಡಿದ್ದಾರೆ. ಹಳೆಯ ಟೆಸ್ಟರಿಗೆ ಮನೆಯವರೆಲ್ಲ ಸೇರಿ 'ಸುಳ್ಳುಸಾಕ್ಷಿ' ಎಂದು ಹೆಸರಿಟ್ಟಿದ್ದಾರೆ. ಅದನ್ನು ಎಸೆದಿಲ್ಲ. ಕಳೆದ ಬಾರಿ ನಾವು ಹೋಗಿದ್ದಾಗ ಚಿಕ್ಕಮ್ಮನವರು ಅಡಿಗೆಮನೆಯ ಗೂಡಿನಿಂದ ಅದನ್ನು ತೆಗೆದು, ತೆಂಗಿನಕಾಯಿಯ ಮೂರು ಕಣ್ಣುಗಳಲ್ಲಿ ಮೆತ್ತಗಿರುವ ಒಂದನ್ನು ಹುಡುಕಿ ಚುಚ್ಚಿ, ಎಳನೀರನ್ನು ಲೋಟಕ್ಕೆ ಬಗ್ಗಿಸಿ ನಮ್ಮ ಕೈಗೆ ಕೊಟ್ಟರು.